ಹಾಸನಕ್ಕೊಂದು ರೂಮು, ಊರಿಗೊಂದು ಬಸ್ಸು

ಮೊನ್ನೆ ನಮ್ಮ ನಾದಿನಿಯ ಮಗನ ಮದುವೆಗೆ ಹೋಗಿದ್ದೆ. ಊಟದ ಹಾಲಿನ ಬಾಗಿಲು ತೆರೆದದ್ದೇ ತಡ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕರ್ಚೀಫು ಕಿತ್ತು ಕಿಟಕಿ ಪಕ್ಕದ ಕುರ್ಚಿಗೆ ಗುರಿಯಿಟ್ಟು ಎಸೆದೆ. ಗುರಿ ತಪ್ಪಲಿಲ್ಲ. ಆಮೇಲೆ ನೋಡುತ್ತೇನೆ, ಉಣ್ಣುವವರು ಇನ್ನೂ ಒಬ್ಬರೂ ಬಂದಿಲ್ಲ. ಎಲೆ ಹಾಸುತ್ತಿದ್ದವರು ಕೈಯಲ್ಲಿ ಎಲೆ ಹಿಡಿದು ಹಾಗೇ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಹಿಂದೆ ಬರುತ್ತಿದ್ದ ಮಗಳು ಹಲ್ಲು ಕಚ್ಚಿಕೊಂಡು, "ಅಮ್ಮ, ಇದು ಬಸ್ಸಲ್ಲ" ಅಂದಳು.

ಬಸ್ಸಲ್ಲ ಎಂದು ನನಗೂ ಗೊತ್ತು. ನನ್ನ ಕೈಗೆ ಗೊತ್ತಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಅಷ್ಟೇ, ನ್ಯಾಯಬೆಲೆ ಅಂಗಡಿಗೆ ಹೋದರೂ ಅಷ್ಟೇ. ಮೊದಲು ಕರ್ಚೀಫು ಹೋಗಿ ಕೂರುತ್ತದೆ, ಆಮೇಲೆ ನಾನು. ಸಂಜೆ ಹೊತ್ತು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ನಿಲ್ಲುವುದಕ್ಕೆ ಜಾಗ ಹುಡುಕುತ್ತಾ ಹಿಂದೆ ಮುಂದೆ ಆಡುತ್ತಿರುವಾಗಲೇ ಅದರ ಜೊತೆ ಓಡುತ್ತಾ ಕಿಟಕಿಯಿಂದ ಏನಾದರೂ ಒಳಗೆ ಹಾಕಿಬಿಡಬೇಕು. ಕರ್ಚೀಫು, ಟವೆಲ್ಲು, ಊಟದ ಬ್ಯಾಗು, ಕೊಡೆ, ಏನಾದರೂ ಸರಿ. ಒಬ್ಬಾಕೆ ಒಂದು ಸಲ ನುಗ್ಗೆಕಾಯಿಯ ಕಟ್ಟು ಹಾಕಿದಳು. ನೂಕಾಡಿ ಒಳಗೆ ಹೋಗಿ ನೋಡಿದರೆ ಅದರ ಮೇಲೆ ಮೇಷ್ಟ್ರೊಬ್ಬರು ಕೂತಿದ್ದರು. ಸೀಟು ಯಾರದು, ಮುರಿದ ನುಗ್ಗೆಕಾಯಿ ಯಾರದು ಎಂದು ಇಬ್ಬರೂ ಮೊಸಳೆ ಹೊಸಹಳ್ಳಿಯವರೆಗೂ ಜಗಳ ಆಡಿದರು. ನಾವು ನಿಂತಿದ್ದವರಿಗೆ ಅವತ್ತು ದಾರಿ ಸವೆದದ್ದೇ ಗೊತ್ತಾಗಲಿಲ್ಲ.

ನಾನು ಹಾಸನದ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮಾಡುವವಳು. ಹೊಲಿದು ಬಂದ ಅಂಗಿಯ ಕಾಲರು ಸೊಟ್ಟಗಿದೆಯೇ, ಗುಂಡಿ ಸಡಿಲವೇ, ದಾರ ಬಿಟ್ಟಿದೆಯೇ ಎಂದು ನೋಡಿ ತಪ್ಪು ಹುಡುಕುವುದು ನನ್ನ ಕೆಲಸ. ಇದಕ್ಕೆ ಸಂಬಳ ಕೊಡುತ್ತಾರೆ ಎಂದು ಮೊದಲ ಸಲ ಕೇಳಿದಾಗ ನಮ್ಮ ಯಜಮಾನರು, "ಅಂಗಾದ್ರೆ ನಮ್ಮನೇಲಿ ಇಷ್ಟು ವರ್ಷ ಬಿಟ್ಟಿ ಚಾಕ್ರಿ ಮಾಡ್ದೆ ಅನ್ನು" ಅಂದರು. ನಮ್ಮೂರು ಹೊಳೆನರಸೀಪುರದ ಕಡೆ, ಹಾಸನದ ರಸ್ತೆಗೆ ಅಂಟಿಕೊಂಡಂತಿದೆ. ತೆಂಗಿದೆ, ಕಾಲುವೆ ನೀರಿದೆ, ಊಟಕ್ಕೆ ಭತ್ತ ಇದೆ. ಇಲ್ಲದಿರುವುದು ಬಸ್ಸೊಂದೇ. ಇಲ್ಲ ಎಂದರೆ ತಪ್ಪಾಗುತ್ತದೆ. ಬಸ್ಸಿದೆ, ನಿಲ್ಲುವುದಿಲ್ಲ.

"ಯಾಕ್ರೀ ಅಪ್ ಅಂಡ್ ಡೌನ್ ಮಾಡ್ತೀರಾ, ಹಾಸನದಲ್ಲೇ ಮನೆ ಮಾಡಬಾರದಾ?" ಎಂದು ಪೇಟೆಯವರು ಕೇಳುತ್ತಾರೆ. "ಊರಲ್ಲಿ ಇಷ್ಟೆಲ್ಲ ಇಟ್ಕಂಡು ಯಾಕವ್ವ ಅಂಗೆ ಸಾಯ್ತೀಯ" ಎಂದು ಊರಿನವರು ಕೇಳುತ್ತಾರೆ. ಈ 'ಅಪ್ ಅಂಡ್ ಡೌನ್' ಎಂಬ ಮಾತು ಕಂಡುಹಿಡಿದವರು ಸಿಕ್ಕರೆ ನನಗೂ ಒಂದು ಕೇಳುವುದಿದೆ: ಇದರಲ್ಲಿ ಯಾವುದು ಅಪ್ಪು, ಯಾವುದು ಡೌನು? ಬೆಳಿಗ್ಗೆ ಮುದ್ದೆಯಾಗಿ ಹೋಗುತ್ತೇವೆ, ಸಂಜೆ ಮುದ್ದೆಯಾಗಿ ಬರುತ್ತೇವೆ. ನಮ್ಮ ಫ್ಯಾಕ್ಟರಿಯಲ್ಲಿ ಊಟಕ್ಕೆ ಕೂತರೆ ಮಾತೆಲ್ಲ ಇದೇ. ಚನ್ನರಾಯಪಟ್ಟಣದ ಕಡೆಯವರು, "ನಮಗೆ ಹೈವೇ, ಬೇಕಾದಷ್ಟು ಬಸ್ಸು" ಎಂದು ಮೊದಲು ಜಂಬ ಕೊಚ್ಚುತ್ತಾರೆ. ಆಮೇಲೆ ಅವೆಲ್ಲ ಬೆಂಗಳೂರಿಂದ ತುಂಬಿಕೊಂಡೇ ಬರುತ್ತವೆ, ಬಾಗಿಲೇ ತೆಗೆಯುವುದಿಲ್ಲ ಎಂದು ಅಳುತ್ತಾರೆ. ಅರಕಲಗೂಡಿನವರು ಮಾತಾಡುವುದೇ ಇಲ್ಲ. ಬೇಗ ಬೇಗ ಉಂಡು, ಸಂಜೆ ಬಸ್ಸಿಗೆ ಬೇಕಾಗುವ ಶಕ್ತಿ ಕೂಡಿಟ್ಟುಕೊಳ್ಳುತ್ತಾರೆ.

ಬಸ್ಸಿಗಾಗಿ ಇಷ್ಟೊಂದು ಹೊಟ್ಟೆ ಉರಿಸಿಕೊಳ್ಳುವ ಬುದ್ಧಿ ನನಗೆ ಎಲ್ಲಿಂದ ಬಂತೋ ತಿಳಿಯದು. ನಮ್ಮಪ್ಪನಿಂದ ಖಂಡಿತ ಅಲ್ಲ. ಅಪ್ಪ ಗೊರೂರಿನಲ್ಲಿ ಕಾಲುವೆಗೆ ನೀರು ಬಿಡುವ ನೀರುಗಂಟಿ. ಡ್ಯಾಮಿನ ಹತ್ತಿರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಎಲ್ಲಾ ಮನೆಗಳೂ ಒಂದೇ ಅಚ್ಚಿನವು. ಶಾಲೆಯಿಂದ ಹಸಿದು ಬಂದ ಮಕ್ಕಳು ಯಾವ ಬಾಗಿಲಿಗೆ ನುಗ್ಗಿದರೂ ಅಡುಗೆಮನೆ ಎಡಗಡೆಗೇ ಸಿಗುತ್ತಿತ್ತು. ನಾನು ಒಂದು ಸಲ ಪಕ್ಕದ ಮನೆಯಲ್ಲಿ ಪೂರಾ ಊಟ ಮುಗಿಸಿ, ತಟ್ಟೆ ತೊಳೆಯಲು ಹೋದಾಗ ಮಾತ್ರ, ಇದು ನಮ್ಮ ಬಚ್ಚಲಲ್ಲವಲ್ಲ ಎಂದು ಅನುಮಾನಪಟ್ಟೆನಂತೆ. ಹಾಸನಕ್ಕೆ ಹೋಗಬೇಕಾದರೆ ಅಪ್ಪ ನಮ್ಮನ್ನೆಲ್ಲ ಬಸ್ ಸ್ಟಾಪಿಗೆ ಕರೆದುಕೊಂಡು ಬಂದು, ಮರದಡಿ ಟವೆಲ್ಲು ಹಾಸಿ, "ಬಂದ್ರೆ ಎಬ್ಸಿ" ಎಂದು ಮಲಗಿಬಿಡುತ್ತಿದ್ದ. ನಾವು ಮೀನು ಹಿಡಿಯುವವರನ್ನು ನೋಡುತ್ತಾ ಮೈಮರೆತು ಬಸ್ಸು ಹೊರಟುಹೋದರೂ ಬೈಯುತ್ತಿರಲಿಲ್ಲ. "ಓಗ್ಲಿ ಬುಡು, ಅದ್ಕೂ ಕೆಲ್ಸ ಇರ್ತದೆ" ಎಂದು ಮಗ್ಗುಲು ಬದಲಾಯಿಸುತ್ತಿದ್ದ. ಅಂಥವನ ಹೊಟ್ಟೆಯಲ್ಲಿ ಹುಟ್ಟಿ ನಾನು ಹೀಗಾದೆ.

ಹಿಂದೆ ನಮ್ಮೂರಿಗೆ ಫ್ಯಾಕ್ಟರಿಯ ವ್ಯಾನು ಬರುತ್ತಿತ್ತು. ಆಮೇಲೆ ಅದು ನಿಂತಿತು. ನಾವು ಬಸ್ಸಿಗೆ ಬಿದ್ದೆವು. ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲೆ ಎಲ್ಲ ಊರಿನ ಹೆಂಗಸರೂ ರಸ್ತೆಗೆ ಬಂದರು. ಒಳ್ಳೆಯದೇ ಆಯಿತು. ಆದರೆ ಬಸ್ಸು ಇದ್ದಷ್ಟೇ ಇತ್ತು. ನಮ್ಮೂರಿನ ಸ್ಟಾಪಿಗೆ ಬರುವ ಹೊತ್ತಿಗೆ ಅದು ಬಾಗಿಲಲ್ಲಿ ಜನರನ್ನು ನೇತುಹಾಕಿಕೊಂಡು ಒಂದು ಕಡೆಗೆ ವಾಲಿಕೊಂಡು ಬರುತ್ತಿತ್ತು. ಡ್ರೈವರು ದೂರದಿಂದಲೇ ನಮ್ಮ ಸೀರೆ ಚೂಡಿದಾರಗಳ ಗುಂಪು ನೋಡಿ, ಇವರನ್ನು ಎಲ್ಲಿ ತುಂಬಲಿ ಎಂಬಂತೆ ಕೈ ಆಡಿಸಿ, ಆ ಕಡೆಯ ತೆಂಗಿನ ತೋಟವನ್ನು ಬಹಳ ಆಸಕ್ತಿಯಿಂದ ನೋಡುತ್ತಾ ಹೋಗಿಬಿಡುತ್ತಿದ್ದ. ಲೇಟಾದರೆ ಗೇಟಿನಲ್ಲಿ ಬೈಗುಳ. ದಿನಾ ಬೈಸಿಕೊಂಡು ಬೈಸಿಕೊಂಡು ನಮಗೊಂದು ಉಪಾಯ ಹೊಳೆಯಿತು.

ನಮ್ಮ ಮಾವನ ತಮ್ಮ, ನಿಂಗೇಗೌಡರು ಅಂತ, ಮನೆಯವರಿಗೆಲ್ಲ ಚಿಕ್ಕಮಾವ. ಬೆಳಿಗ್ಗೆ ಎದ್ದವರೇ ಬೇವಿನಕಡ್ಡಿ ಕಚ್ಚಿಕೊಂಡು ಸ್ಟಾಪಿನ ಪಕ್ಕದ ಕಟ್ಟೆಗೆ ಬಂದು ಕೂರುವುದು ಅವರ ಅಭ್ಯಾಸ. ವಯಸ್ಸಾದ ಗಂಡಸೊಬ್ಬರು ಒಂಟಿಯಾಗಿ ನಿಂತು ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ ಎಂದು ನಾವು ಕಂಡುಕೊಂಡೆವು. ಚಿಕ್ಕಮಾವ ರಸ್ತೆಗೆ ಬಂದು ಕೈ ಹಿಡಿಯುವುದು, ನಾವು ಕಟ್ಟೆಯ ಹಿಂದೆ ಬಗ್ಗಿ ಕೂತಿರುವುದು, ಬಸ್ಸು ನಿಂತ ಕೂಡಲೇ ಎದ್ದು ನುಗ್ಗುವುದು. ಕಂಡಕ್ಟರು ತಲೆ ಚಚ್ಚಿಕೊಂಡು, "ಹತ್ತು ಗೌಡ, ನೀನಾದ್ರೂ ಹತ್ತು" ಅಂದರೆ ಚಿಕ್ಕಮಾವ, "ನಾನೆಲ್ಲಿಗ್ಲಾ ಓಗ್ಲಿ, ನಮ್ಮ ಎಣ್ಮಕ್ಳು ಅತ್ಕಂಡವ್ರಲ್ಲ, ನೀ ಓಗು" ಎಂದು ಕಡ್ಡಿ ಬಾಯಿಗಿಟ್ಟುಕೊಳ್ಳುತ್ತಿದ್ದರು.

ಒಂದು ದಿನ ಕಂಡಕ್ಟರು ಕೆಳಗಿಳಿದೇಬಿಟ್ಟ. "ದಿನಾ ಕೈ ಹಿಡೀತೀಯ. ಇವತ್ತು ಬಂದೇ ಬಾ" ಎಂದು ಚಿಕ್ಕಮಾವನ ರಟ್ಟೆ ಹಿಡಿದು ಮೆಟ್ಟಿಲಿಗೆ ಹತ್ತಿಸಿದ. ಅವನು ತಮಾಷೆಗೆ ಮಾಡಿದ್ದೇ ಇರಬೇಕು. ಆದರೆ ಹಿಂದಿನಿಂದ ನುಗ್ಗಿದ ನಾವು ಅವರನ್ನು ಒಳಕ್ಕೆ ತಳ್ಳಿಕೊಂಡು ಹೋದೆವು, ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಪಟ್ಟಾಪಟ್ಟಿ ಚಡ್ಡಿ, ತೋಳಿನ ಬನೀನು, ಹೆಗಲ ಮೇಲೊಂದು ಟವೆಲ್ಲು, ಬಾಯಲ್ಲಿ ಬೇವಿನಕಡ್ಡಿ. ಉಗಿಯುವುದಕ್ಕೂ ಕಿಟಕಿ ಸಿಗದೆ ಚಿಕ್ಕಮಾವ ಕೆನ್ನೆ ಉಬ್ಬಿಸಿಕೊಂಡು ಹಾಸನಕ್ಕೆ ಬಂದರು.

ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಾಯಿ ತೊಳೆದುಕೊಂಡ ಮೇಲೆ ಅವರು ಬೈಯುತ್ತಾರೆ ಎಂದು ಕಾದೆ. ಅವರು ಸುತ್ತ ನೋಡಿದರು. ನಾನು, "ವಾಪಸ್ ಹೋಗೋ ಬಸ್ಸಿಗೆ ಹತ್ತಿಸ್ತೀನಿ ಮಾವ" ಅಂದೆ.

"ಬಂದಿದ್ದಾಯ್ತಲ್ಲ. ನೀನು ಅದೇನ್ ಗೇಮೆ ಮಾಡ್ತೀಯೋ ನೋಡ್ಕಂಡೇ ಓಗುವಾ."

ಎಷ್ಟು ಹೇಳಿದರೂ ಕೇಳಲಿಲ್ಲ. ಫ್ಯಾಕ್ಟರಿ ಗೇಟಿನ ಕಾವಲಿನವನು ಒಳಗೆ ಬಿಡಲಿಲ್ಲ. ಚಿಕ್ಕಮಾವ ಗೇಟಿನೆದುರು ಮರದ ನೆರಳಿನಲ್ಲಿ ಟವೆಲ್ಲು ಹಾಸಿ ದಿನವಿಡೀ ಕೂತರು. ಮಧ್ಯಾಹ್ನ ನನ್ನ ಬುತ್ತಿಯಲ್ಲಿ ಅರ್ಧ ತೆಗೆದುಕೊಂಡು ಹೋಗಿ ಕೊಟ್ಟೆ. ಕಾವಲಿನವನು ಅಷ್ಟರಲ್ಲಿ ಅವರಿಗೆ ಸ್ನೇಹಿತನಾಗಿ, ಟೀ ಕುಡಿಸಿ, ತನ್ನ ಸೊಂಟನೋವಿಗೆ ನಾಟಿ ಔಷಧಿ ಕೇಳುತ್ತಿದ್ದ. ನನಗೆ ಮಾತ್ರ ಆವತ್ತು ಒಂದು ಅಂಗಿಯ ತಪ್ಪೂ ಕಣ್ಣಿಗೆ ಬೀಳಲಿಲ್ಲ. ಕಣ್ಣೆಲ್ಲ ಗೇಟಿನ ಕಡೆಗೇ.

ಸಂಜೆ ಬಸ್ಸಿನಲ್ಲಿ ನನ್ನ ಕರ್ಚೀಫಿನ ಸೀಟು ಅವರಿಗೆ ಕೊಟ್ಟೆ. ಅವರು ಅದನ್ನು ಕಾಲು ಊದಿದ ಬಸುರಿ ಹೆಂಗಸಿಗೆ ಕೊಟ್ಟು ನಿಂತೇ ಬಂದರು. ಯಾರದೋ ಮೊಣಕೈ ಅವರ ಪಕ್ಕೆಗೆ, ಯಾರದೋ ಬ್ಯಾಗು ಅವರ ಮುಖಕ್ಕೆ. ಊರಿನಲ್ಲಿ ಇಳಿದವರು ನೆಟ್ಟಗೆ ಮನೆಗೆ ನಡೆದರು. ಜಗಲಿಯಲ್ಲಿ ನೀರು ಕುಡಿದು ನಮ್ಮ ಯಜಮಾನರನ್ನು ಕರೆದು ಹೇಳಿದರು: "ಲೇ, ದನಾನೂ ಇಂಗೆ ತುಂಬಲ್ಲ ಕಣ್ಲಾ. ಆ ಎಣ್ಮಗಳಿಗೆ ಆಸನದಾಗೆ ಒಂದು ರೂಮ್ ಮಾಡ್ಕೊಡು. ವಾರಕ್ಕೊಂದಪ ಬಂದ್ರೆ ಸಾಕು."

ಹಿರಿಯರ ಮಾತು. ಎದುರಾಡುವ ಹಾಗಿಲ್ಲ. ಚಿಕ್ಕಮಾವ ಒಂದೇ ದಿನ ಬಸ್ಸಿನಲ್ಲಿ ಹೋಗಿ ಬಂದದ್ದಕ್ಕೆ ನಾನು ಮನೆ ಬಿಡುವ ಹಾಗಾಯಿತು.

ಈ ಸುದ್ದಿ ಕೇಳಿ ಕುಣಿದವಳು ಜಯಂತಿ. ಅವಳು ನಮ್ಮ ಫ್ಯಾಕ್ಟರಿಯಲ್ಲಿ ತೋಳು ಹೊಲಿಯುವವಳು, ಅರಕಲಗೂಡಿನ ಕಡೆಯವಳು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದಳು. ಅಲ್ಲಿ ಅವಳಿಗೆ ನಡುಮನೆಯ ಒಂದು ಮೂಲೆ, ಅತ್ತಿಗೆಯ ಮೂತಿ, ಎಲ್ಲರೂ ಮಲಗಿದ ಮೇಲೆ ಹಾಸಿಕೊಳ್ಳುವ ಒಂದು ಚಾಪೆ. ಹಾಸನದಲ್ಲಿ ರೂಮಿಗಾಗಿ ಅವಳು ತಿರುಗದ ಬೀದಿ ಇರಲಿಲ್ಲ. ಒಂಟಿ ಹೆಂಗಸು ಎಂದ ಕೂಡಲೇ ಎಲ್ಲರಿಗೂ ಆಗತಾನೇ ರೂಮು ಬೇರೆಯವರಿಗೆ ಕೊಟ್ಟದ್ದು ನೆನಪಾಗುತ್ತಿತ್ತು. "ಅಕ್ಕ, ನೀನು ಜೊತೇಲಿದ್ರೆ ಕೊಡ್ತಾರೆ. ನಿನ್ನ ಮಕ ನೋಡಿದ್ರೆ ಸಂಸಾರಸ್ಥೆ ಅಂತ ಗೊತ್ತಾಗ್ತದೆ" ಅಂದಳು. ಅದು ಹೊಗಳಿಕೆಯೋ ಏನೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇಬ್ಬರೂ ಭಾನುವಾರಗಳನ್ನು ಬೀದಿಗೆ ಹಾಕಿದೆವು. ಒಂದು ಮನೆಯಲ್ಲಿ ಮಾಂಸ ಮಾಡುವ ಹಾಗಿಲ್ಲ. ಇನ್ನೊಂದರಲ್ಲಿ ಮಾಡಬಹುದು, ನೀರಿಲ್ಲ. ಮತ್ತೊಂದರಲ್ಲಿ ನೀರಿದೆ, "ನೀವು ಯಾವ ಜನ?" ಎಂದು ಮೂರು ಬಗೆಯಲ್ಲಿ ಕೇಳಿದರು. ಒಬ್ಬರಂತೂ, "ಫ್ಯಾಕ್ಟರಿಯವರಿಗೆ ಕೊಡಲ್ಲ, ಬೆಳಗಾಗೆದ್ದು ಗಲಾಟೆ ಮಾಡ್ತೀರಿ" ಅಂದರು. ಬೆಳಗಾಗೆದ್ದು ಅವರ ಮನೆಗೆ ಹಾಲು ತರುವವನು, ಪೇಪರ್ ಹಾಕುವವನು, ಪಾತ್ರೆ ತಿಕ್ಕುವವಳು ಎಲ್ಲಿಂದ ಬರುತ್ತಾರೆ ಎಂದು ಕೇಳಬೇಕೆನಿಸಿತು. ಜಯಂತಿ ಕೈ ಹಿಡಿದು ಎಳೆದುಕೊಂಡು ಬಂದಳು.

ಕೊನೆಗೆ ಸಿಕ್ಕಿದ್ದು ಊರಾಚೆ ಒಂದು ತಾರಸಿಯ ಮೇಲಿನ ಶೀಟಿನ ರೂಮು. ಅದು ಊರಾಚೆ ಎನ್ನುವುದೂ ಸುಳ್ಳು. ಮೊದಲು ಬೇರೆ ಹಳ್ಳಿಯಾಗಿತ್ತು, ಹಾಸನವೇ ಬಂದು ಅದನ್ನು ನುಂಗಿತ್ತು. ಮನೆ ಯಜಮಾನರು ಹೊಲ ಹೋಗಿ ಸೈಟುಗಳಾದ ಮೇಲೆ ಕಟ್ಟಿಸಿದ ಮನೆ. ಹೊಲ ಹೋದರೂ ಒಂದು ಹಸು ಉಳಿಸಿಕೊಂಡಿದ್ದರು. ಹಸುವನ್ನು ಅವರ ಹೆಂಡತಿ ಗೌರಮ್ಮ ನೋಡಿಕೊಳ್ಳುತ್ತಿದ್ದರು, ಬಾಡಿಗೆಯವರನ್ನು ಯಜಮಾನರು ನೋಡಿಕೊಳ್ಳುತ್ತಿದ್ದರು. ಜಗಲಿಯ ಕುರ್ಚಿಯಲ್ಲಿ ಕೂತು ಗೇಟು ಕಾಯುವುದೇ ಅವರ ಬೇಸಾಯ. "ಇಬ್ರು ಇರಂಗಿದ್ರೆ ಇರಿ. ಒಬ್ಳೇ ಅಂದ್ರೆ ಆಗಲ್ಲ. ನೆಂಟರು ಇಷ್ಟರು ಬಂದು ಉಳ್ಕಳಂಗಿಲ್ಲ" ಎಂದು ಮೊದಲೇ ಹೇಳಿದರು.

ರೂಮಿನ ಸುಖ ಹೇಳುತ್ತೇನೆ ಕೇಳಿ. ಹಗಲು ಕಾದ ಶೀಟು ಬೆಳಗಿನ ಜಾವದವರೆಗೂ ಆರುತ್ತಿರಲಿಲ್ಲ. ನೀರು ಬಿಡುವ ದಿನ ನಾವು ಫ್ಯಾಕ್ಟರಿಯಲ್ಲಿರುತ್ತಿದ್ದೆವು, ನಾವು ರೂಮಿನಲ್ಲಿರುವ ದಿನ ನೀರು ಇರುತ್ತಿರಲಿಲ್ಲ. ಬಚ್ಚಲು ಕೆಳಗೆ, ಅದಕ್ಕೆ ಯಜಮಾನರ ಕುರ್ಚಿ ದಾಟಿಯೇ ಹೋಗಬೇಕು. ಒಂದು ಲೈಟು ಹೆಚ್ಚು ಉರಿದರೆ ಕೆಳಗಿನಿಂದ ಕೆಮ್ಮುತ್ತಿದ್ದರು. ಇದೆಲ್ಲ ಹೋಗಲಿ, ನನಗೆ ನಿದ್ದೆಯೇ ಬರುತ್ತಿರಲಿಲ್ಲ. ನಮ್ಮನೆಯಲ್ಲಿ ಅತ್ತೆಯ ಗೊರಕೆ, ಗಂಡನ ಗೊರಕೆ, ಕೊಟ್ಟಿಗೆಯ ಗಂಟೆ ಎಲ್ಲ ಸೇರಿ ಒಂದು ಲೆಕ್ಕಕ್ಕೆ ಬಂದ ಮೇಲೇ ನನಗೆ ಕಣ್ಣು ಹತ್ತುವುದು. ಇಲ್ಲಿ ಲಾರಿಗಳ ಹಾರ್ನು. ನಾನು ಹೊರಳಾಡುತ್ತಿದ್ದರೆ ಪಕ್ಕದಲ್ಲಿ ಜಯಂತಿ ಕೈಕಾಲು ಚೆಲ್ಲಿ ಮಲಗಿರುತ್ತಿದ್ದಳು. ಆ ನಿದ್ದೆ ನೋಡಿಯೇ ನನಗೆ ಸಿಟ್ಟು ಬರುತ್ತಿತ್ತು. ಅವಳು ಆ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದನ್ನು ನೋಡಬೇಕು. ಹಾಕಿ, ಒಂದು ಸಲ ಎಳೆದು ನೋಡಿ, ಚಿಲಕದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿರುತ್ತಿದ್ದಳು.

ಶನಿವಾರ ಸಂಜೆ ಕೊಳೆ ಬಟ್ಟೆ ಕಟ್ಟಿಕೊಂಡು ಊರಿಗೆ, ಸೋಮವಾರ ಬೆಳಿಗ್ಗೆ ರಾಗಿಹಿಟ್ಟು, ಸೊಪ್ಪು ಕಟ್ಟಿಕೊಂಡು ಹಾಸನಕ್ಕೆ. ಊರಿನಲ್ಲಿದ್ದಾಗ ಜಯಂತಿ ರೂಮಿನ ಬಕೆಟ್ಟಿಗೆ ನೀರು ಹಿಡಿದಳೋ ಇಲ್ಲವೋ ಎಂಬ ಯೋಚನೆ, ರೂಮಿನಲ್ಲಿದ್ದಾಗ ಊರಿನಲ್ಲಿ ಹಾಲು ಹೆಪ್ಪು ಹಾಕಿದರೋ ಇಲ್ಲವೋ ಎಂಬ ಯೋಚನೆ. ನಮ್ಮ ಯಜಮಾನರು ಮುದ್ದೆ ಮಾಡುವುದು ಕಲಿತರು. ಗಂಟುಗಂಟಾದ ಮುದ್ದೆಯನ್ನು ಅತ್ತೆ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದರು. ನಾನು ಮಾಡಿದ ಮುದ್ದೆಯಲ್ಲಿ ಒಂದೇ ಒಂದು ಗಂಟು ಸಿಕ್ಕಿದ್ದರೆ ನಮ್ಮ ತವರಿನವರನ್ನೆಲ್ಲ ನೆನೆಯುತ್ತಿದ್ದ ಬಾಯಿ ಅದು.

ಒಂದು ಸೋಮವಾರ ಬೆಳಿಗ್ಗೆ ಮಗಳು ನನ್ನ ಬ್ಯಾಗು ಹಿಡಿದು ಸ್ಟಾಪಿನವರೆಗೆ ಬಂದಳು. ಆಗ ಅವಳಿನ್ನೂ ಹೈಸ್ಕೂಲು. ಬಸ್ಸು ಬಂತು. ಬ್ಯಾಗು ಕೊಡುತ್ತಾ, "ಅಮ್ಮ, ಮುಂದಿನ ವಾರ ಯಾವಾಗ ಬರ್ತೀರಾ?" ಅಂದಳು.

ಬರ್ತೀರಾ! ಹುಟ್ಟಿದಾಗಿನಿಂದ ನನ್ನನ್ನು "ಬತ್ತೀಯಾ, ಓಯ್ತೀಯಾ" ಎಂದು ಏಕವಚನದಲ್ಲೇ ಕಾಡಿದ ಮಗು. ಮೈಸೂರಿನಿಂದ ಬರುವ ದೊಡ್ಡಮ್ಮನಿಗೆ, ಶಾಲೆಯ ಟೀಚರಿಗೆ ಹೇಳುವ ಹಾಗೆ ನನಗೆ 'ಬರ್ತೀರಾ' ಅಂದಿದ್ದಳು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ಕೈಬೀಸಿ ನಗುತ್ತಲೇ ನಿಂತಿದ್ದಳು. ನಾನು ಹಾಸನದವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಕೂತೆ ಎಂದೆನಲ್ಲವೇ, ಅವತ್ತು ಸೀಟು ಕೂಡ ಸಿಕ್ಕಿತ್ತು. ಅದರ ಸಂತೋಷವೂ ಆಗಲಿಲ್ಲ.

ಸಂಜೆ ಜಯಂತಿಗೆ ಹೇಳಿದೆ, "ನಂಗೆ ಆಗಲ್ಲ ಕಣೆ. ನಾನು ಬಸ್ಸಲ್ಲೇ ಸಾಯ್ತೀನಿ."

ಅವಳು ಪಾತ್ರೆ ಉಜ್ಜುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಓಗಕ್ಕ. ಮಗಳನ್ನ ಬಿಟ್ಟು ನನ್ನ ಕಾಯ್ಕಂಡು ಇರಕ್ಕಾಯ್ತದಾ" ಅಂದಳು. ಆಮೇಲೆ ಅದೇ ಪಾತ್ರೆಯನ್ನು ಬಹಳ ಹೊತ್ತು ಉಜ್ಜಿದಳು. ನಾನು ಹೋದರೆ ಅವಳೂ ರೂಮು ಬಿಡಬೇಕು. ಬಿಟ್ಟರೆ ಮತ್ತೆ ಅಣ್ಣನ ನಡುಮನೆಯ ಮೂಲೆ. ಉಂಡಾದ ಮೇಲೆ ಅವಳೇ ತಲೆಯೆತ್ತಿ, "ಅಕ್ಕ, ನೀನು ಓಗು. ಚಪ್ಲಿ ಬಿಟ್ಟೋಗು" ಅಂದಳು.

ಹೀಗೆ ನಾನು ಹಾಸನದಲ್ಲಿ ಇಲ್ಲದೆಯೂ ಇರತೊಡಗಿದೆ. ಮೆಟ್ಟಿಲ ಮೇಲೆ ನನ್ನ ಹಳೆಯ ಚಪ್ಪಲಿ, ತಂತಿಯ ಮೇಲೆ ನನ್ನದೊಂದು ಸೀರೆ. ಸಂಜೆ ಜಯಂತಿ ಒಬ್ಬಳೇ ಕೂತು ಗಟ್ಟಿಯಾಗಿ, "ಅಕ್ಕ, ಇನ್ನೊಂಚೂರು ಸಾರು ಆಕ್ಲಾ?" ಎಂದು ಗೋಡೆಯನ್ನು ಉಪಚರಿಸುತ್ತಿದ್ದಳಂತೆ. ಮನೆ ಯಜಮಾನರು, "ಆ ಇನ್ನೊಬ್ರು ಕಾಣಲ್ವಲ್ಲ" ಎಂದು ಕೇಳಿದರೆ, "ಅವ್ರು ಬೇಗ ಮಲಗ್ತಾರೆ ಯಜಮಾನ್ರೇ" ಎನ್ನುವುದು. ಆದರೂ ಆಗೀಗ ಮುಖ ತೋರಿಸಲೇಬೇಕು. ಫ್ಯಾಕ್ಟರಿ ಬಿಟ್ಟ ಕೂಡಲೇ ಓಡಿಬಂದು, ಯಜಮಾನರ ಕುರ್ಚಿಯೆದುರು ನಿಂತು ನೀರು ಬರುವುದಿಲ್ಲವೆಂದು ಒಂದಷ್ಟು ಜಗಳ ಆಡಿ, ಮೆಟ್ಟಿಲು ಹತ್ತಿ, ಹಿಂದಿನ ಮೆಟ್ಟಿಲಿನಿಂದ ಇಳಿದು, ಕೊಟ್ಟಿಗೆಯ ಪಕ್ಕದಿಂದ ನುಸುಳಿ ಬಸ್ಸಿಗೆ ಓಡುವುದು. ಮೊದಲಾದರೆ ಬಸ್ಸಿನ ಕಷ್ಟ ಒಂದೇ ಇತ್ತು. ಈಗ ನಾನು ಕುಡಿಯದ ನೀರಿಗೂ ಜಗಳ ಆಡುವ ಹಾಗಾಯಿತು.

ಹಾಗೆ ನುಸುಳುವಾಗ ಒಂದು ಸಂಜೆ ಕೊಟ್ಟಿಗೆಯೊಳಗಿನಿಂದ, "ಯಾವ ಬಸ್ಸಿಗೆ?" ಎಂದು ದನಿ ಕೇಳಿತು. ಗೌರಮ್ಮ. ಹಸುವಿನ ಹೊಟ್ಟೆಗೆ ತಲೆಯಾನಿಸಿ ಹಾಲು ಕರೆಯುತ್ತಿದ್ದರು. ತಿರುಗಿ ಕೂಡ ನೋಡಿರಲಿಲ್ಲ.

ನಾನು ನಿಂತಲ್ಲೇ ಒಣಗಿಹೋದೆ. "ಅದು, ಅಂಗಡಿಗೆ..." ಅಂದೆ.

"ಸುಮ್ಕಿರವ್ವ. ನಿನ್ನ ಚಪ್ಲಿ ಮ್ಯಾಲೆ ಧೂಳು ಕೂತಿತ್ತು. ನಮ್ಮನೆಯೋರ ಕಣ್ಗೆ ಬಿದ್ದಾತು ಅಂತ ನಾನೇ ದಿನಾ ಆ ಕಡೆಗೊಂದು ಈ ಕಡೆಗೊಂದು ತಿರುಗ್ಸಿ ಇಡ್ತಾವ್ನಿ."

ಹಾಲು ಕರೆಯುತ್ತಲೇ ಗೌರಮ್ಮ ಹೇಳಿದರು, "ಆ ಹುಡ್ಗಿ ಬಾಗ್ಲಿಗೆ ನೀರಾಕಿ ಎರಡೆಳೆ ರಂಗೋಲಿ ಬಿಡ್ತದೆ, ನೋಡಿದ್ಯಾ? ಬಾಡಿಗೇರು ಯಾರು ಬಿಡ್ತಾರೆ ಹೇಳು. ಈ ಮನೆ ನನ್ನೆಸರಲ್ಲೇ ಅದೆ. ನಾನು ಒಂದು ದಿನಾನೂ ಬಾಗ್ಲು ಆಕ್ಕಂಡು ಒಬ್ಳೇ ಕೂತಿದ್ದಿಲ್ಲ. ಅವಳಾದ್ರೂ ಕೂತ್ಕಳ್ಳಿ."

"ಯಜಮಾನ್ರು..." ಅಂದೆ.

"ಅವರ್ನ ನಾನು ನೋಡ್ಕತೀನಿ. ನೀನು ಮಾತ್ರ ಇನ್ಮೇಲೆ ನೀರಿಗೆ ಜಗಳಕ್ಕೆ ಬರಬ್ಯಾಡ. ಇರೋರೇ ಅಷ್ಟು ಆಡಲ್ಲ."

ಗೌರಮ್ಮ ಅವಸರ ಮಾಡಲಿಲ್ಲ. ಕೆಲವು ತಿಂಗಳು ಕಳೆಯಲು ಬಿಟ್ಟು, ಒಂದು ದಿನ ಗಂಡನಿಗೆ ಊಟಕ್ಕೆ ಬಡಿಸುತ್ತಾ, "ಮೇಲಿನವಳು ಇಷ್ಟು ದಿನದಿಂದ ಒಬ್ಳೇ ಅವ್ಳೆ. ಏನಾಯ್ತು?" ಎಂದು ಕೇಳಿದರಂತೆ. ಏನೂ 'ಆಗಿರಲಿಲ್ಲ'ವಲ್ಲ. ಯಜಮಾನರು ಒಂದಷ್ಟು ದಿನ ಮೂತಿ ಊದಿಸಿಕೊಂಡು ಕುರ್ಚಿಯನ್ನು ಗೇಟಿಗೆ ಬೆನ್ನು ಮಾಡಿ ಹಾಕಿಕೊಂಡಿದ್ದರು. ಆಮೇಲೆ ಹೇಗೂ ಮೊದಲು ಏಳುವವಳು ಅವಳೇ ಎಂದು ಗೇಟಿನ ಬೀಗದ ಕೈಯನ್ನು ಜಯಂತಿಗೇ ಕೊಟ್ಟರು.

ನನ್ನ ಬಸ್ಸಿನ ಪಾಡು ಹಾಗೇ ಮುಂದುವರಿಯಿತು. ಚಿಕ್ಕಮಾವ ಮತ್ತೆ ರಸ್ತೆಗಿಳಿದು ಕೈ ಹಿಡಿಯತೊಡಗಿದರು. ಈಗ ಅಂಗಿ ಹಾಕಿಕೊಂಡು ಬರುತ್ತಾರೆ, ಎಲ್ಲಿ ಹತ್ತಿಸಿಬಿಡುತ್ತಾರೋ ಎಂದು. ರಸ್ತೆ ಅಗಲ ಮಾಡುತ್ತೇವೆಂದು ಕಟ್ಟೆ ಕಿತ್ತುಹಾಕಿದರು, ಅಡಗಿಕೊಳ್ಳಲು ಜಾಗವಿಲ್ಲದಂತಾಯಿತು. ಇನ್ನೊಂದು ಬಸ್ಸು ಬಿಡಿ ಎಂದು ಕೇಳಲು ಹೋದಾಗ, ಹೊಸ ಶೆಲ್ಟರು ಕಟ್ಟಿಸಿಕೊಡುತ್ತೇವೆ ಅಂದರು. ನಿಲ್ಲದ ಬಸ್ಸಿಗೆ ನೆರಳಿನಲ್ಲಿ ಕಾಯಿರಿ ಎಂದು ಅದರ ಅರ್ಥ ಇರಬೇಕು.

ಜಯಂತಿ ಫ್ಯಾಕ್ಟರಿಯಲ್ಲಿ ದಿನಾ ಸಿಗುತ್ತಿದ್ದಳು, ಆದರೆ ರೂಮಿನ ಕಡೆ ನಾನು ಹೋಗದೆ ಬಹಳ ದಿನವಾಗಿತ್ತು. ಒಂದು ಶನಿವಾರ ಶಿಫ್ಟು ಮುಗಿದ ಮೇಲೆ, ಬಾ ಎಂದು ಎಳೆದುಕೊಂಡು ಹೋದಳು. ಬಸ್ಸಿಗೆ ಸ್ವಲ್ಪ ಹೊತ್ತಿತ್ತು. ಹೋದೆ. ಕಿಟಕಿಗೆ ಹೂವಿನ ಪರದೆ ಬಂದಿತ್ತು. ಮೂಲೆಯಲ್ಲಿ ಗ್ಯಾಸಿನ ಒಲೆ, ಗೋಡೆಗೆ ಒಂದು ಶೆಲ್ಫು. ನಾನು ಹಳೆಯ ಅಭ್ಯಾಸದಂತೆ ಬಕೆಟ್ಟಿನಿಂದ ನೀರು ತುಂಬಿಕೊಳ್ಳಲು ಹೋದರೆ, ಚೊಂಬು ಕಸಿದುಕೊಂಡಳು.

"ನೀನು ಕೂತ್ಕೊ ಅಕ್ಕ. ನಮ್ಮನೆಗೆ ಬಂದಿದ್ದೀಯ."

ಕೂತೆ. ಉಪ್ಪಿಟ್ಟು ಮಾಡಿದಳು, ತಟ್ಟೆ ಕೈಗೇ ಕೊಟ್ಟಳು, ಬೇಡವೆಂದರೂ ಎರಡನೇ ಸಲ ಬಡಿಸಿದಳು. ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ಚಡಪಡಿಸುತ್ತಿದ್ದೆ. ಎದ್ದು ಹೊರಟರೆ, "ಇರಕ್ಕ, ಬರೀ ಅಣೇಲಿ ಓಗ್ತೀಯಾ" ಎಂದು ಅರಿಶಿನ ಕುಂಕುಮದ ಬಟ್ಟಲು ತಂದಳು. ಗಂಡನನ್ನು ಬಿಟ್ಟುಬಂದ ಮೇಲೆ ಅವಳು ಯಾರಿಗೂ ಕುಂಕುಮ ಕೊಟ್ಟವಳಲ್ಲ. ಕೊಡುವುದಕ್ಕೆ ಅವಳದೆನ್ನುವ ಒಂದು ಹೊಸಿಲು ಎಲ್ಲಿತ್ತು? ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ ಎಲ್ಲವನ್ನೂ ಮಡಿಲಿಗೆ ಹಾಕಿದಳು. ಅವಸರವಿಲ್ಲ, ಒಂದೊಂದಾಗಿ. ನಾನೂ ಅವಸರ ಮಾಡಲಾಗಲಿಲ್ಲ.

ಬಸ್ಸು ಹೋಗಿತ್ತು. ಸ್ಟ್ಯಾಂಡಿನಲ್ಲಿ ನಿಂತು ಅದನ್ನೂ, ಬಟ್ಟಲನ್ನೂ, ಉಪ್ಪಿಟ್ಟನ್ನೂ ಬೈದುಕೊಂಡೆ. ಮುಂದಿನ ಬಸ್ಸು ಬರಲಿಲ್ಲ. ಅದರ ಮುಂದಿನದು ಕೆಟ್ಟು ನಿಂತಿದೆ ಅಂದರು. ಮನೆಗೆ ಫೋನು ಮಾಡಿದರೆ ಮಗಳು ಎತ್ತಿ, "ಅಲ್ಲೇ ಇದ್ದು ಬೆಳಗ್ಗೆ ಬಾ ಅಮ್ಮ" ಅಂದಳು. ಅವಳು 'ಬಾ' ಅಂದದ್ದಕ್ಕೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಹೊತ್ತುಕೊಂಡು ಮತ್ತೆ ಆ ಮೆಟ್ಟಿಲು ಹತ್ತಿದೆ. ಜಯಂತಿ ಚಾಪೆ ಹಾಸಿ, ತನ್ನ ದಿಂಬು ನನಗೆ ಕೊಟ್ಟಳು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಪರದೆ ದಾಟಿ ನನ್ನ ಕಾಲಿನವರೆಗೆ ಬಂದಿತ್ತು. ಆ ರೂಮಿನಲ್ಲಿ ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು. ಲಾರಿಗಳು ಹೋಗಿರಲೇಬೇಕು, ನನಗೆ ಒಂದೂ ಕೇಳಿಸಿರಲಿಲ್ಲ. ಜಯಂತಿ ಕಾಫಿ ಲೋಟ ಕೈಗಿಡುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಯಜಮಾನರ ಕೆಮ್ಮು, ಅದರ ಹಿಂದೆಯೇ ದನಿ: "ಯಾರವ್ವ ಅದು, ರಾತ್ರಿ ಮೇಲೆ ಉಳ್ಕಂಡಿರೋದು?"

ನಾನು ಲೋಟ ಕೆಳಗಿಟ್ಟು ಎದ್ದು ಬಚ್ಚಿಟ್ಟುಕೊಳ್ಳಲು ಜಾಗ ನೋಡಿದೆ. ಜಯಂತಿ ಬಾಗಿಲಿಗೆ ಹೋಗಿ, ಹೊಸಿಲ ಮೇಲೆ ನಿಂತು, ಕೆಳಗೆ ಬಗ್ಗಿ ಹೇಳಿದಳು:

"ನಮ್ಮನೆಗೆ ನೆಂಟ್ರು ಬಂದವ್ರೆ ಯಜಮಾನ್ರೇ."

ಕೆಳಗೆ ಯಜಮಾನರು ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. ನಾನು ಕೂತು ಕಾಫಿ ಕುಡಿದೆ.